ನಗದೆ ನಗಿಸಿದ ಸರದಾರ

ನಗಿಸುವವರಲ್ಲಿ ಎರಡು ಪಂಗಡಗಳುಂಟು. ಒಂದು ಪಂಗಡದವರು ಮೊದಲು ತಾವು ನಕ್ಕು, ಇನ್ನು ನಿಮ್ಮ ಸರದಿಯೆಂದು ನಮಗೆ ಸೂಚಿಸುವವರು. ಇನ್ನೊಂದು ಪಂಗಡದವರ ಮೋರೆಯನ್ನು ಕಂಡರೆ, ಮನೆಯಲ್ಲಿ ಯಾರಿಗಾದರೂ ಮೈಗೆ ಸೌಖ್ಯವಿಲ್ಲವೇ ಎಂದು ವಿಚಾರಿಸಬೇಕೆನಿಸುತ್ತದೆ. ಜಸ್ಪಾಲ್ ಭಟ್ಟಿಯವರು ಈ ಎರಡನೆಯ ಪಂಗಡದವರು. ತಲೆಗೆ ಪೇಟ, ಒಪ್ಪವಾದ ಗಡ್ಡ, ಕೊಂಚ ಬೇಸತ್ತ ಕಣ್ಣುಗಳು, ‘ನಾಳೆ ಬನ್ನಿ’ ಎನ್ನುವ ಗುಮಾಸ್ತೆಯ ಧ್ವನಿ—ಇಷ್ಟೇ ಅವರ ಬಂಡವಾಳ. ಇಷ್ಟರಿಂದಲೇ ಅವರು ಒಂದು ಕಾಲದಲ್ಲಿ ಇಡೀ ದೇಶವನ್ನು ನಗಿಸಿದರು.

1989ರ ಮಾತು. ಆಗ ಮನೆಗಳಲ್ಲಿ ದೂರದರ್ಶನವೆಂದರೆ ಒಂದೇ. ಅದು ತೋರಿಸಿದ್ದನ್ನು ನೋಡಬೇಕು, ಇಲ್ಲವೇ ಕೈಕಾಲು ತೊಳೆದು ಊಟಕ್ಕೆ ಏಳಬೇಕು. ಭಾನುವಾರದ ಬೆಳಗ್ಗೆ ‘ಮಹಾಭಾರತ’ ಬರುತ್ತಿದ್ದ ಆ ದಿನಗಳಲ್ಲಿಯೇ ‘ಫ್ಲಾಪ್ ಶೋ’ ಎಂಬ ಧಾರಾವಾಹಿಯೂ ಬಂದಿತು. ಹೆಸರಿನಲ್ಲಿಯೇ ಸೋಲನ್ನು ಒಪ್ಪಿಕೊಂಡು ರಂಗಕ್ಕೆ ಬಂದವನನ್ನು ಯಾರು ತಾನೇ ಸೋಲಿಸಿಯಾರು? ಅದರ ಕಂತುಗಳು ಹತ್ತೇ ಹತ್ತು. ಈಗಿನ ಧಾರಾವಾಹಿಗಳಲ್ಲಿ ಹತ್ತು ಕಂತಿನೊಳಗೆ ಸೊಸೆ ಮೆಟ್ಟಿಲಿಳಿದು ಮುಗಿಯುವುದೂ ಕಷ್ಟ.

ನಮ್ಮ ಮನೆಯಲ್ಲಿ ಹಿಂದಿ ಬಲ್ಲವರು ತಂದೆಯವರೊಬ್ಬರೇ. ಅವರು ಹಿಂದೊಮ್ಮೆ ‘ಮಧ್ಯಮಾ’ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದ್ದವರು. ಆ ಬಲದಿಂದ ಪ್ರತಿಯೊಂದು ಮಾತನ್ನೂ ನಮಗೆ ಅನುವಾದಿಸಿ ಹೇಳುತ್ತಿದ್ದರು. ಅನುವಾದ ಮುಗಿಯುವ ವೇಳೆಗೆ ತೆರೆಯ ಮೇಲೆ ಮುಂದಿನ ಎರಡು ವಿನೋದಗಳು ಕೈತಪ್ಪಿರುತ್ತಿದ್ದವು. ಕೊನೆಗೆ ನಮ್ಮ ಸೋದರತ್ತೆ, ‘ನೀನು ಸುಮ್ಮನಿರಪ್ಪಾ, ನನಗೆ ಅರ್ಥವಾಗುತ್ತೆ’ ಎಂದುಬಿಟ್ಟರು. ಹಿಂದಿಯ ಒಂದಕ್ಷರವನ್ನೂ ಅರಿಯದ ಆಕೆಗೆ ನಿಜವಾಗಿಯೂ ಅರ್ಥವಾಗುತ್ತಿತ್ತು. ಭಟ್ಟಿಯವರ ಹೆಂಡತಿಯ ಪಾತ್ರವನ್ನು ವಹಿಸುತ್ತಿದ್ದವರು ಅವರ ನಿಜವಾದ ಧರ್ಮಪತ್ನಿ ಸವಿತಾ ಅವರೇ; ಧಾರಾವಾಹಿಯ ನಿರ್ಮಾಪಕಿಯೂ ಅವರೇ. ಹೆಂಡತಿ ಒಂದು ಹೇಳಿ ಗಂಡ ಮೋರೆ ಇಳಿಬಿಟ್ಟುಕೊಂಡರೆ, ಅದಕ್ಕೆ ದುಭಾಷಿ ಏಕೆ ಬೇಕು?

ಕಥೆಗಳಾದರೂ ಎಂಥವು! ಮನೆಗೊಂದು ಟೆಲಿಫೋನು ಬಂದು, ಅದು ಮಾತಾಡುವಂತಾಗುವುದಕ್ಕೆ ಒಬ್ಬ ಸಂಸಾರಿ ಪಡುವ ಪಾಡು. ಡಾಕ್ಟರೇಟಿಗಾಗಿ ಪ್ರಾಧ್ಯಾಪಕರ ಮನೆಚಾಕರಿಗೆ ನಿಂತು, ಕಡೆಗೆ ಅವರ ನಾದಿನಿಯನ್ನೇ ಕೈಹಿಡಿಯಬೇಕಾಗಿ ಬರುವ ಸಂಶೋಧಕನ ಗತಿ. ಸರಕಾರಿ ನೌಕರರ ಔಷಧದ ಬಿಲ್ಲಿನ ಮಾಯೆ. ಈ ಕೊನೆಯದನ್ನು ನೋಡುವಾಗ ನಮ್ಮ ಚಿಕ್ಕಪ್ಪನವರು ಸ್ವಲ್ಪ ಹೆಚ್ಚಾಗಿಯೇ ಕೆಮ್ಮಿದುದು ನನಗೆ ನೆನಪಿದೆ. ಅವರ ಕಚೇರಿ ಯಾವುದೆಂಬ ಪ್ರಸ್ತಾಪ ಇಲ್ಲಿ ಬೇಡ. ಪ್ರತಿ ಕಂತಿನ ಕೊನೆಗೆ ಜನಪ್ರಿಯ ಚಿತ್ರಗೀತೆಯೊಂದರ ಧಾಟಿಯಲ್ಲಿ ಒಂದು ಅಣಕು ಹಾಡು. ಹಾಡುವಾಗಲೂ ಭಟ್ಟಿಯವರ ಮುಖದಲ್ಲಿ ಅದೇ ಉದಾಸೀನ.

ಅವರ ವಿನೋದದಲ್ಲಿ ನಾನು ಮೆಚ್ಚುವ ಗುಣ ಮತ್ತೊಂದಿದೆ. ಊರನ್ನೆಲ್ಲ ಹಳಿದು ತಾವು ಮಾತ್ರ ಗಂಗಾಸ್ನಾನ ಮಾಡಿದವರಂತೆ ದಡದಲ್ಲಿ ನಿಲ್ಲುವ ಚಪಲ ಅವರಿಗಿರಲಿಲ್ಲ. ಒಂದು ವಾರ ಅವರು ಪೆಟ್ಟು ತಿನ್ನುವವರಾದರೆ ಇನ್ನೊಂದು ವಾರ ಪೆಟ್ಟು ಕೊಡುವವರು. ಲಂಚ ತೆಗೆದುಕೊಳ್ಳುವವನೂ ಕೊಡುವವನೂ ಒಂದೇ ಬೀದಿಯಲ್ಲಿ, ಒಂದೇ ತರಕಾರಿಯ ಅಂಗಡಿಯಲ್ಲಿ ಚೌಕಾಸಿ ಮಾಡುವವರು ಎಂಬುದನ್ನು ಅವರು ಮರೆಯಲಿಲ್ಲ.

ಭಟ್ಟಿಯವರು ಹುಟ್ಟಿದ್ದು 1955ರ ಮಾರ್ಚ್ 3ರಂದು, ಅಮೃತಸರದಲ್ಲಿ. ಓದಿದ್ದು ಚಂಡೀಗಢದ ಪಂಜಾಬ್ ಎಂಜಿನಿಯರಿಂಗ್ ಕಾಲೇಜಿನಲ್ಲಿ, ವಿದ್ಯುಚ್ಛಕ್ತಿಯ ವಿಷಯ. ಆದರೆ ಅಲ್ಲಿಯೇ ಗೆಳೆಯರನ್ನು ಕೂಡಿಸಿಕೊಂಡು ‘ನಾನ್‌ಸೆನ್ಸ್ ಕ್ಲಬ್’ ಎಂಬ ಸಂಘ ಕಟ್ಟಿ ಬೀದಿ ನಾಟಕಗಳನ್ನು ಆಡತೊಡಗಿದರು. ಮುಂದೆ ಚಂಡೀಗಢದ ‘ಟ್ರಿಬ್ಯೂನ್’ ಪತ್ರಿಕೆಗೆ ವ್ಯಂಗ್ಯಚಿತ್ರ ಬರೆದರು. ದೂರದರ್ಶನದ ಬೆಳಗಿನ ಕಾರ್ಯಕ್ರಮದಲ್ಲಿ ‘ಉಲ್ಟಾ ಪುಲ್ಟಾ’ ಎಂಬ ಕಿರುತುಣುಕುಗಳಿಂದ ಹೆಸರು ಮಾಡಿದರು. ವ್ಯಂಗ್ಯಚಿತ್ರಕಾರನ ಮಿತವ್ಯಯ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ನಾಲ್ಕು ಗೆರೆಯಲ್ಲಿ ಮುಗಿಯುವುದಕ್ಕೆ ಐದನೆಯದನ್ನು ಎಳೆಯುತ್ತಿರಲಿಲ್ಲ.

ಅಮೃತಸರ, ಪೇಟ—ಈ ಎರಡು ಶಬ್ದಗಳಿಗೆ ಆ ದಶಕದಲ್ಲಿ ಬಂದೊದಗಿದ್ದ ಭಾರವನ್ನು ಇಂದಿನ ಮಕ್ಕಳಿಗೆ ವಿವರಿಸಿಯೇ ಹೇಳಬೇಕು. 1984ರ ಜೂನಿನಲ್ಲಿ ಸ್ವರ್ಣಮಂದಿರದೊಳಗೆ ಸೈನ್ಯ ಹೊಕ್ಕಿತು. ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಹತ್ಯೆಯಾಯಿತು. ಬೆನ್ನಿಗೇ ದೆಹಲಿಯ ಬೀದಿಗಳಲ್ಲಿ ಸಿಖ್ಖರ ಕಗ್ಗೊಲೆ ನಡೆಯಿತು. ಅನಂತರದ ವರ್ಷಗಳಲ್ಲಿಯೂ ಪತ್ರಿಕೆ ಬಿಡಿಸಿದರೆ ಪಂಜಾಬಿನಿಂದ ಬರುತ್ತಿದ್ದುದು ಸತ್ತವರ ಸಂಖ್ಯೆಯೇ. ಅದು ದೂರದ ಸುದ್ದಿಯೆಂದು ನಾವು ಸುಮ್ಮನಿರುವಂತೆಯೂ ಇರಲಿಲ್ಲ. ಗುರುನಾನಕ್ ಝೀರಾದಂಥ ಪುಣ್ಯಸ್ಥಳವಿರುವ ನಮ್ಮ ಬೀದರಿನಲ್ಲಿಯೇ, 1988ರ ಸೆಪ್ಟೆಂಬರಿನಲ್ಲಿ, ಎಂಜಿನಿಯರಿಂಗ್ ಓದಲು ಬಂದಿದ್ದ ಸಿಖ್ ವಿದ್ಯಾರ್ಥಿಗಳ ಮೇಲೆ ದೊಂಬಿಯೆದ್ದು, ಹಲವರು ಪ್ರಾಣ ಕಳೆದುಕೊಂಡರು. ಬೆಂಗಳೂರಿನ ಬಸ್ಸಿನಲ್ಲಿ ಪೇಟ ಧರಿಸಿದ ಒಬ್ಬರು ಹತ್ತಿದರೆ ನಾಲ್ಕು ಕಣ್ಣುಗಳು ಅವರ ಕೈಚೀಲದ ಮೇಲೆಯೇ ಇರುತ್ತಿದ್ದುದನ್ನು ನಾನು ನೋಡಿದ್ದೇನೆ. ಅದಕ್ಕೂ ಮೊದಲು ನಾವು ಸರದಾರಜಿಗಳನ್ನು ಬಲ್ಲದ್ದು ನಗೆಹನಿಗಳ ಮೂಲಕ. ಅವುಗಳಲ್ಲಿ ಅವರಿಗೆ ಬುದ್ಧಿಯೊಂದನ್ನು ಬಿಟ್ಟು ಉಳಿದೆಲ್ಲವೂ ಇರುತ್ತಿತ್ತು.

ಬೀದರಿನ ಆ ಘಟನೆ ನಡೆದ ಮರುವರ್ಷವೇ ಈ ಸರದಾರ, ಈ ಎಂಜಿನಿಯರು, ನಮ್ಮ ನಡುಮನೆಗೆ ಬಂದರು. ಅವರು ತಮ್ಮ ಪೇಟದ ಬಗೆಗೆ ಅಪಹಾಸ್ಯ ಮಾಡಲಿಲ್ಲ. ಅದನ್ನು ಕುರಿತು ಭಾಷಣವನ್ನೂ ಬಿಗಿಯಲಿಲ್ಲ. ನಮ್ಮಂತೆಯೇ ಕಚೇರಿಗಳ ಮುಂದೆ ಸಾಲಿನಲ್ಲಿ ನಿಂತರು, ಅಷ್ಟೇ. ಟೆಲಿಫೋನಿನ ಕಂತು ನಡೆಯುತ್ತಿದ್ದಾಗ ನಮ್ಮ ಸೋದರತ್ತೆ ಹುರುಳಿಕಾಯಿ ಬಿಡಿಸುವುದನ್ನು ನಿಲ್ಲಿಸಿ, ‘ಅಯ್ಯೋ, ಇವರೂ ನಮ್ಮ ಹಾಗೇ ಫೋನಿಗೆ ಕಾಯುತ್ತಾರೆಯೇ!’ ಎಂದು ಉದ್ಗರಿಸಿದರು. ಆಕೆ ‘ಇವರೂ’ ಎಂದಾಗ ತಂದೆಯವರು ಕನ್ನಡಕವನ್ನು ತೆಗೆದು ಒಮ್ಮೆ ತಂಗಿಯ ಕಡೆಗೆ ನೋಡಿದರು. ಅನುವಾದ ಮಾಡಲು ಮಾತ್ರ ಹೋಗಲಿಲ್ಲ.

ಆಮೇಲೆ ಖಾಸಗಿ ವಾಹಿನಿಗಳು ಬಂದವು. ಭಟ್ಟಿಯವರು ಅಲ್ಲಿಯೂ ಕಾಣಿಸಿಕೊಂಡರು. ಒಮ್ಮೆ ದಂಪತಿಗಳಿಬ್ಬರೂ ನೃತ್ಯದ ಸ್ಪರ್ಧೆಯೊಂದರಲ್ಲಿ ಕುಣಿದದ್ದೂ ಉಂಟು. ಹಿಂದಿ ಚಲನಚಿತ್ರಗಳು ಅವರಿಗೆ ಚಿಕ್ಕಪುಟ್ಟ ಪಾತ್ರಗಳನ್ನೇ ಕೊಟ್ಟವು. ‘ಫನಾ’ ಅಂಥದೊಂದು. ಅವರೇ ನಿರ್ದೇಶಿಸಿದ ಪಂಜಾಬಿ ಚಿತ್ರ ‘ಮಾಹೌಲ್ ಠೀಕ್ ಹೈ’ 1999ರಲ್ಲಿ ಬಂದಿತು. ಅದರಲ್ಲಿ ಪೊಲೀಸರಿಗೆ ಕಚಗುಳಿ. ನನಗಾದರೋ ಅವರು ತೆರೆಗಿಂತ ಬೀದಿಯಲ್ಲಿಯೇ ಹೆಚ್ಚು ಸೊಗಸು. 2009ರಲ್ಲಿ ಬೆಲೆಯೇರಿಕೆ ಮಿತಿಮೀರಿದಾಗ, ಚಂಡೀಗಢದ 17ನೆಯ ಸೆಕ್ಟರಿನಲ್ಲಿ ನಾನ್‌ಸೆನ್ಸ್ ಕ್ಲಬ್ಬಿನವರೊಡನೆ ಜಾತ್ರೆಯ ಬಳೆಯಾಟದ ಮಳಿಗೆಯೊಂದನ್ನು ಹೂಡಿದರು. ಬಹುಮಾನವಾಗಿ ಇಟ್ಟದ್ದು ಗೊಂಬೆಗಳನ್ನಲ್ಲ. ತರಕಾರಿ, ಬೇಳೆ, ಅಡಿಗೆಯ ಎಣ್ಣೆ. ಬಳೆ ಬಿದ್ದವರಿಗೆ ಅಂದಿನ ಸಾರು!

ಅವರ ಕೊನೆಯ ಚಿತ್ರದ ಹೆಸರು ‘ಪವರ್ ಕಟ್’. ವಿದ್ಯುಚ್ಛಕ್ತಿಯನ್ನು ಓದಿದ್ದ ಎಂಜಿನಿಯರು, ಪಂಜಾಬಿನ ಜನ ದಿನವೂ ಅನುಭವಿಸುತ್ತಿದ್ದ ವಿದ್ಯುತ್ತಿನ ಅಭಾವವನ್ನೇ ವಸ್ತುವಾಗಿ ಮಾಡಿಕೊಂಡಿದ್ದರು. ನಾಯಕನ ಪಾತ್ರಕ್ಕೆ ಮಗ ಜಸ್‌ರಾಜ್. ಅದರ ಪ್ರಚಾರಕ್ಕಾಗಿ ಊರೂರು ಸುತ್ತುತ್ತಿದ್ದಾಗ, 2012ರ ಅಕ್ಟೋಬರ್ 25ರ ಬೆಳಗಿನ ಜಾವ, ಜಲಂಧರ ಜಿಲ್ಲೆಯ ಶಾಹಕೋಟ್ ಬಳಿ ನಡೆದ ಕಾರು ಅಪಘಾತದಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 57 ವರ್ಷ. ಜೊತೆಯಲ್ಲಿದ್ದ ಮಗನಿಗೂ ಗಾಯಗಳಾಗಿದ್ದವು. ಮುಂದಿನ ವರ್ಷ ಸರಕಾರ ಅವರಿಗೆ ಮರಣೋತ್ತರವಾಗಿ ಪದ್ಮಭೂಷಣವನ್ನು ನೀಡಿತು.

‘ಪವರ್ ಕಟ್’ ಮಾತ್ರ ಗೊತ್ತಾಗಿದ್ದ ದಿನಕ್ಕೇ, ಅವರು ತೀರಿಕೊಂಡ ಮರುದಿನವೇ, ಚಿತ್ರಮಂದಿರಗಳಿಗೆ ಬಂದಿತು.