ಕಾಣದ ಮಾತ್ರಕ್ಕೆ ಇಲ್ಲವೆನ್ನಬಹುದೆ?

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಸಂಸ್ಕೃತ ಪಾಠ ಹೇಳಿದವನು ನಾನು. ತರ್ಕಶಾಸ್ತ್ರದ ಒಂದು ಮಾತನ್ನು ಪ್ರತಿವರ್ಷವೂ ಹುಡುಗರಿಗೆ ಬಿಡಿಸಿ ಹೇಳುತ್ತಿದ್ದೆನು. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಅಲ್ಲಿ ಗಡಿಗೆಯಿಲ್ಲವೆಂದು ಹೇಳಬಹುದು. ಆದರೆ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಷ್ಟು ಬೆಳಕಿರುವಾಗ ಮಾತ್ರ. ಕತ್ತಲೆಯಲ್ಲಿ ಕಾಣದಿರುವುದು ಯಾವುದಕ್ಕೂ ಪ್ರಮಾಣವಲ್ಲ. ಇದಕ್ಕೆ ಯೋಗ್ಯಾನುಪಲಬ್ಧಿಯೆಂದು ಹೆಸರು. ಪರರಿಗೆ ಬೋಧಿಸಿದ ಈ ಮಾತು, ನನ್ನ ಮನೆಗೇ ಬೇಕಾದಾಗ ನನಗೆ ನೆನಪಾಗಲಿಲ್ಲ.

ಎರಡು ವರ್ಷಗಳ ಕೆಳಗೆ ನನ್ನ ಹಿರಿಯ ಮಗಳು ತನ್ನ ಸ್ತನದಲ್ಲಿ ಬಟಾಣಿಯಷ್ಟು ಗಂಟು ಕೈಗೆ ತಗಲುವುದೆಂದು ತಾಯಿಯೊಡನೆ ಹೇಳಿಕೊಂಡಳು. ಆಗ ಅವಳಿಗೆ 34 ವಯಸ್ಸು. ಮ್ಯಾಮೊಗ್ರಾಮ್ ಎಂಬ ಕ್ಷ-ಕಿರಣ ಚಿತ್ರವನ್ನು ತೆಗೆಯಿಸಿದೆವು. ದೋಷವೇನೂ ಕಾಣದೆಂದು ವರದಿ ಬಂದಿತು. ನಾನು ದೇವರಿಗೆ ಕೈಮುಗಿದು ಆ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟೆನು. ನನ್ನಾಕೆ ಮಾತ್ರ ಒಪ್ಪಲಿಲ್ಲ. "ಚಿತ್ರದಲ್ಲಿ ಇಲ್ಲವೆಂದರೆ ಆಯಿತೆ? ಗಂಟು ಕೈಗೆ ಸಿಕ್ಕುತ್ತಲೇ ಇದೆಯಲ್ಲ! ಇನ್ನೊಬ್ಬರಿಗೆ ತೋರಿಸಿರಿ" ಎಂದಳು. ಆಕೆ ತರ್ಕವನ್ನು ಓದಿದವಳಲ್ಲ.

ಎರಡನೆಯ ವೈದ್ಯೆ ಸಮಾಧಾನದಿಂದ ತಿಳಿಸಿ ಹೇಳಿದರು: ಆ ಚಿತ್ರದಲ್ಲಿ ಕೊಬ್ಬು ಕಪ್ಪಾಗಿಯೂ, ಹಾಲಿನ ಗ್ರಂಥಿಗಳ ಭಾಗ ಬೆಳ್ಳಗೂ ಕಾಣುವುದು, ರೋಗದ ಗಂಟೂ ಬೆಳ್ಳಗೇ ಕಾಣುವುದು. ಎಳೆಯ ವಯಸ್ಸಿನವರಲ್ಲಿ ಸಾಮಾನ್ಯವಾಗಿ ಗ್ರಂಥಿಭಾಗವೇ ಹೆಚ್ಚು. ಆದುದರಿಂದ ಬತ್ತಿಗೆಂದು ಹಿಂಜಿದ ಅರಳೆಯಲ್ಲಿ ಬಿದ್ದ ಅಕ್ಕಿಕಾಳಿನಂತೆ ಗಂಟು ಮರೆಯಾಗಬಹುದು. ವಯಸ್ಸಾದಂತೆ ಕೊಬ್ಬು ಹೆಚ್ಚಿ ಚಿತ್ರ ತಿಳಿಯಾಗುವುದು. ಬಳಿಕ ಅವರು ಅಲ್ಟ್ರಾಸೌಂಡ್ ಪರೀಕ್ಷೆ ಮಾಡಿಸಿದರು, ಗಂಟು ಕಂಡಿತು. ಸೂಜಿಯಿಂದ ತೆಗೆದ ಚೂರನ್ನು ಪರೀಕ್ಷಿಸಲು ಕ್ಯಾನ್ಸರೆಂದು ಸಿದ್ಧವಾಯಿತು. ಇನ್ನೂ ಆರಂಭದ ಅವಸ್ಥೆ. ಶಸ್ತ್ರಚಿಕಿತ್ಸೆ, ಔಷಧ, ಉದುರಿದ ಕೂದಲು, ನಿದ್ರೆಯಿಲ್ಲದ ರಾತ್ರಿಗಳು, ಎಲ್ಲವನ್ನೂ ಕಂಡೆವು. ಈಗ ಮಗಳು ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾಳೆ.

ಇದರಿಂದ ಆ ಚಿತ್ರವೇ ವ್ಯರ್ಥವೆಂದು ವಾಚಕರು ಭಾವಿಸಬಾರದು. 1913ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯ ಆಲ್ಬರ್ಟ್ ಸಾಲೊಮನ್ ಮೊದಲುಮಾಡಿದ ಶೋಧನೆಯಿಂದ ಬೆಳೆದ ಈ ವಿದ್ಯೆ ಅನೇಕರ ಪ್ರಾಣವನ್ನುಳಿಸಿದೆ. ಅಮೆರಿಕದ ತಜ್ಞಮಂಡಲಿಯೊಂದು 40ರಿಂದ 74 ವಯಸ್ಸಿನವರೆಗೆ ಎರಡು ವರ್ಷಕ್ಕೊಮ್ಮೆ ಈ ಪರೀಕ್ಷೆಯಾಗಬೇಕೆಂದು 2024ರಲ್ಲಿ ಸೂಚಿಸಿತು. ಅದು ಯಾವ ಲಕ್ಷಣವೂ ಇಲ್ಲದವರ ಮಾತು. ಗಂಟು ಕಂಡವರ ಮಾತೇ ಬೇರೆ. ಮೂವತ್ತರೊಳಗಿನವರಿಗೆ ಮೊದಲು ಅಲ್ಟ್ರಾಸೌಂಡ್ ಮಾಡುವುದು ವಾಡಿಕೆ; ಅದಕ್ಕೂ ಮೇಲ್ಪಟ್ಟವರಿಗೆ ಎರಡೂ ಬೇಕಾಗಬಹುದು; ಸಂದೇಹ ಉಳಿದರೆ ಸೂಜಿಯ ಪರೀಕ್ಷೆಯೇ ನಿರ್ಣಾಯಕ. ತಾಯಿಗಾಗಲಿ ಸೋದರಿಗಾಗಲಿ ಈ ರೋಗ ಬಂದಿದ್ದರೆ ಅದನ್ನು ವೈದ್ಯರಿಗೆ ಮುಂದಾಗಿಯೇ ತಿಳಿಸತಕ್ಕದ್ದು.

ಸೋದರಿಯರೇ, ಎಳೆಯ ವಯಸ್ಸಿನಲ್ಲಿ ಕಾಣುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರಲ್ಲ, ಹೆದರಬೇಕಾದುದಿಲ್ಲ. ಆದರೆ ಕೈಗೆ ಸಿಕ್ಕುವ ಗಂಟನ್ನು ನಾಚಿಕೆಯಿಂದ ಮುಚ್ಚಿಡಬೇಡಿರಿ. ಒಂದು ಕಾಗದವನ್ನು ನಂಬಿ ಮರೆಯಲೂ ಬೇಡಿರಿ. ಗಂಡಸರಾದ ನಾವೂ ಮನೆಯ ಹೆಂಗಸರ ಮಾತಿಗೆ ಕಿವಿಗೊಡೋಣ. ನನ್ನ ಶಾಸ್ತ್ರ ಪೆಟ್ಟಿಗೆಯಲ್ಲಿ ಮಲಗಿದ್ದಾಗ, ನನ್ನಾಕೆಯ ಹಟ ಮಗಳನ್ನು ಉಳಿಸಿತು.