ಕಾಣದ ಜಲಪಾತ

ಜಲಪಾತ ತೋರಿಸುತ್ತೇನೆಂದು ಮಕ್ಕಳನ್ನು ಕರೆದೊಯ್ದವನು ನಾನೇ. ಗುರುಮಠದಲ್ಲಿ ಓದುತ್ತಿದ್ದಾಗ ಒಂದು ಮಳೆಗಾಲದಲ್ಲಿ ದೇವರಾಯನದುರ್ಗದ ಕಾಡಿಗೆ ಹೋಗಿ, ಬಂಡೆಯ ತುಂಬ ನೀರು ಬೆಳ್ಳಗೆ ಧುಮ್ಮಿಕ್ಕುವುದನ್ನು ಕಂಡಿದ್ದೆ. ಮೂವತ್ತು ವರ್ಷಗಳಲ್ಲಿ ಆ ನೀರು ನನ್ನ ಬಾಯಲ್ಲಿ ಎತ್ತರವಾಗುತ್ತಲೇ ಹೋಗಿತ್ತು.

ಕಳೆದ ವರ್ಷ ಮಳೆ ನಿಂತ ಮೇಲೆ ನಮ್ಮ ಧರ್ಮಕೇಂದ್ರದ ಹದಿನಾಲ್ಕು ಯುವಜನರೊಡನೆ ತುಮಕೂರಿನಿಂದ ಹೊರಟೆ. ಗುಬ್ಬಿ ತಾಲ್ಲೂಕಿನ ಕಡಬದ ಕಡೆಯ ರೈತರೊಬ್ಬರು, ಮೊಮ್ಮಗಳ ಜೊತೆಗೆಂದು, ತಾವೂ ಬಂದರು. ನಾಮದ ಚಿಲುಮೆಯಲ್ಲಿ ಬಂಡೆಯೊಳಗಿಂದ ಒಸರುವ ಬುಗ್ಗೆಯನ್ನು ನೋಡಿದೆವು. ಶ್ರೀರಾಮನು ಹಣೆಗೆ ನಾಮವಿಡಲು ನೀರು ಸಿಗದೆ ಅಲ್ಲಿ ಬಾಣ ಬಿಟ್ಟನೆಂಬ ಐತಿಹ್ಯವಿದೆ. ಬಳಿಕ ಅನುಮತಿಯಿದ್ದ ಹಾದಿಯಲ್ಲಿ ಕಾಡನ್ನೇರಿದೆವು. ಹಾದಿಯೇನೂ ಕಠಿಣವಲ್ಲ, ಕಠಿಣವಾದದ್ದು ನನ್ನ ಮಂಡಿ. ಆ ಹಿರಿಯರು ಎಲ್ಲಿಯೂ ಕುಳಿತುಕೊಳ್ಳಲಿಲ್ಲ.

ಕೊನೆಗೆ ತಲುಪಿದಾಗ, ಪಾಚಿಗಟ್ಟಿದ ಬಂಡೆಯ ಮೇಲೆ ಅಂಗೈಯಗಲದ ನೀರು ಸದ್ದಿಲ್ಲದೆ ಜಾರುತ್ತಿತ್ತು.

"ಫಾದರ್, ಜಲಪಾತ ಎಲ್ಲಿ?"

ಎಲ್ಲರೂ ನಕ್ಕರು. ಈ ಸಲ ಮಳೆ ಸಾಲದಾಯಿತೆಂದೆ. ನನ್ನ ಮಾತಿನ ತಪ್ಪನ್ನು ಮಳೆಯ ಮೇಲೆ ಹೊರಿಸಿದ್ದೆನೆಂಬುದು ನನಗೆ ಗೊತ್ತಿತ್ತು.

ಹಿರಿಯರು ಮಾತ್ರ ನಗದೆ ನೀರಿನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತರು. "ಸ್ವಾಮಿ, ಇದು ನಮ್ಮ ಹೊಳೆ ಅಲ್ಲವಾ?" ಎಂದರು.

ಹೌದು, ಶಿಂಷೆ ಹುಟ್ಟುವುದು ಈ ಬೆಟ್ಟಸಾಲಿನಲ್ಲೇ. ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿಸಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಜಲಾಶಯವಾಗಿ ನಿಂತು (ಮಟ್ಟ ಮೀರಿದ ನೀರನ್ನು ತಾವಾಗಿಯೇ ಹೊರಹಾಕುವ ಅಲ್ಲಿನ ಸೈಫನ್‌ಗಳನ್ನು ನೀವು ಒಮ್ಮೆ ನೋಡಬೇಕು), ಮದ್ದೂರನ್ನು ದಾಟಿ, ಮಳವಳ್ಳಿ ತಾಲ್ಲೂಕಿನಲ್ಲಿ ನಿಜವಾದ ಜಲಪಾತವಾಗಿ ಬಿದ್ದು ಅದು ಕಾವೇರಿಯನ್ನು ಸೇರುತ್ತದೆ. ಇದೇ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿ ಬೇರೆ ದಿಕ್ಕು ಹಿಡಿದು ಉತ್ತರ ಪಿನಾಕಿನಿಯತ್ತ ಸಾಗುತ್ತದೆ. ಇಷ್ಟೆಲ್ಲ ಪುಸ್ತಕದಿಂದ ತಿಳಿದಿದ್ದ ನನಗೆ, ಮಕ್ಕಳಿಗೆ ಅದನ್ನು ಹೇಳಬೇಕೆಂದು ಅಲ್ಲಿಯವರೆಗೆ ತೋಚಿರಲಿಲ್ಲ.

ಹೇಮಾವತಿ ನಾಲೆಯ ನೀರು ಬರುವುದಕ್ಕೆ ಮೊದಲು, ಹೊಳೆ ಹರಿಯದ ಒಂದು ವರ್ಷ ಅವರ ತಂದೆ ಜೋಡಿ ಎತ್ತುಗಳನ್ನು ಮಾರಿದ್ದರಂತೆ. ಸಂತೆಯಿಂದ ಬರಿಗೈಯಲ್ಲಿ ಬಂದ ತಂದೆ ಹಗ್ಗಗಳನ್ನು ಗೋಡೆಯ ಗೂಟಕ್ಕೆ ನೇತುಹಾಕಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ ಎಂದರು. ಅರವತ್ತೈದು ದಾಟಿದ ಅವರು ಆ ಹೊಳೆ ಹುಟ್ಟುವ ಬೆಟ್ಟಕ್ಕೆ ಬಂದದ್ದು ಅಂದೇ ಮೊದಲು.

ಯಾರೂ ನಗುತ್ತಿರಲಿಲ್ಲ. ಹಿರಿಯರು ಒಂದು ಕಡ್ಡಿ ತೆಗೆದುಕೊಂಡು, ಬಂಡೆಯ ಸಂದಿನಲ್ಲಿ ನೀರಿಗೆ ಅಡ್ಡವಾಗಿದ್ದ ತರಗೆಲೆಗಳನ್ನು ಒಂದೊಂದಾಗಿ ಸರಿಸತೊಡಗಿದರು.

"ಇಷ್ಟು ನೀರಿಗೆ ಯಾಕೆ ತಾತ?" ಎಂದಳು ಮೊಮ್ಮಗಳು.

"ದೂರ ಹೋಗಬೇಕು ಕಣವ್ವ ಅದು," ಎಂದು ಅವರು ಮತ್ತೊಂದು ಎಲೆಯನ್ನು ಸರಿಸಿದರು.