ಮಂದ್ರದ ದನಿ



ಸೋಮವಾರ ಸಂಜೆಯ ಭಜನೆಯಲ್ಲಿ ಕುಳಿತು ಹಾಡಿದ ಅನುಭವವು ನಿಮ್ಮಲ್ಲಿ ಬಹುಮಂದಿಗೆ ಉಂಟು. ಒಬ್ಬರು ನಿಜಗುಣ ಶಿವಯೋಗಿಗಳ ಪದವನ್ನೋ ಸರ್ಪಭೂಷಣ ಶಿವಯೋಗಿಗಳ ಪದವನ್ನೋ ಎತ್ತಿಕೊಡುತ್ತಾರೆ. ಉಳಿದವರು ಅದೇ ಮಟ್ಟಿನಲ್ಲಿ ಹಿಂಬಾಲಿಸುತ್ತಾರೆ. ಶಿಡ್ಲಘಟ್ಟಕ್ಕೆ ಸಮೀಪದ ನಮ್ಮ ಹಳ್ಳಿಯಲ್ಲಿ ಇಂತಹ ಭಜನೆಯನ್ನು ನಡೆಸುವ ಭಾರವು ಬಹುಕಾಲದಿಂದ ನನ್ನ ಮೇಲಿದೆ. ಆ ಸ್ಥಾನದಲ್ಲಿದ್ದು ನಾನೆಸಗಿದ ಒಂದು ತಪ್ಪನ್ನೂ, ಅದು ನನ್ನ ಅರಿವಿಗೆ ಬಂದ ಬಗೆಯನ್ನೂ ನಿಮ್ಮ ಮುಂದೆ ನಿವೇದಿಸಿಕೊಳ್ಳುತ್ತೇನೆ.

ನನ್ನ ಮಗಳ ಮಗಳು ಬೆಂಗಳೂರಿನಲ್ಲಿ ಓದುತ್ತ, ಅಲ್ಲಿನ ಒಂದು ಪಾಶ್ಚಾತ್ಯ ಗಾಯನವೃಂದವನ್ನು ಸೇರಿದಳು. ಡಿಸೆಂಬರ್ ತಿಂಗಳಲ್ಲಿ ಇಗರ್ಜಿಯೊಂದರಲ್ಲಿ ತಾವು ಹ್ಯಾಂಡೆಲನ ‘ಮೆಸ್ಸಾಯ’ವನ್ನು ಹಾಡುವುದಾಗಿಯೂ, “ತಾತ, ನೀವು ಬರಲೇಬೇಕು” ಎಂದೂ ಕರೆದಳು. ಲಿಂಗಧಾರಿಣಿಯಾದ ಹುಡುಗಿ ಅನ್ಯಧರ್ಮೀಯರ ಪ್ರಾರ್ಥನಾಮಂದಿರದಲ್ಲಿ ಹಾಡುವುದೇ ಎಂದು ಮನೆಯಲ್ಲಿ ಆಕ್ಷೇಪವೆದ್ದಿತು. ನನ್ನ ಮನಸ್ಸೂ ಹೊಯ್ದಾಡದೆ ಇರಲಿಲ್ಲ. ಆದರೆ ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರ ತೆಲುಗು ಕೀರ್ತನೆಗಳನ್ನು ಕುಲ, ಭಾಷೆಗಳನ್ನೆಣಿಸದೆ ತಲೆದೂಗಿ ಕೇಳುವ ಸೀಮೆ ನಮ್ಮದು. ಕೇಳುವ ಮೊದಲೇ ತೀರ್ಪು ಕೊಡುವುದು ನ್ಯಾಯವಲ್ಲವೆಂದು ಬಸ್ಸು ಹತ್ತಿದೆನು.

ಕ್ರಿ.ಶ. 1600ರಿಂದ 1750ರವರೆಗಿನ ಯೂರೋಪಿನ ಸಂಗೀತವನ್ನು ಬರೋಕ್ ಎಂದು ಕರೆಯುತ್ತಾರೆ. ಹ್ಯಾಂಡೆಲ್ ಆ ಕಾಲದವನು. 1685ರಲ್ಲಿ ಜರ್ಮನಿಯ ಹಾಲೆ ಎಂಬ ಊರಿನಲ್ಲಿ ಹುಟ್ಟಿ, ಮುಂದೆ ಲಂಡನ್ನಿನಲ್ಲಿ ನೆಲಸಿದನು. ಈ ಕೃತಿಯನ್ನು 1741ರ ಆಗಸ್ಟ್ 22ರಂದು ಬರೆಯತೊಡಗಿ, ಸೆಪ್ಟೆಂಬರ್ 14ರಂದು, ಎಂದರೆ 24 ದಿನಗಳಲ್ಲಿ, ಮುಗಿಸಿದನು. ಅದನ್ನು ಮೊದಲು ಹಾಡಿದ್ದು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ, 1742ರ ಏಪ್ರಿಲ್ 13ರಂದು. ಹೆಚ್ಚು ಜನರಿಗೆ ಸ್ಥಳ ದೊರೆಯಲೆಂದು, ಹೆಂಗಸರು ಬಳೆಯಂತೆ ಹರಡುವ ಲಂಗಗಳನ್ನು ತೊಡದೆ, ಗಂಡಸರು ಕತ್ತಿಗಳನ್ನು ಧರಿಸದೆ ಬರಬೇಕೆಂದು ಮೊದಲೇ ಬಿನ್ನವಿಸಿಕೊಂಡಿದ್ದರಂತೆ. ಬಂದ ಹಣವು ಎರಡು ಆಸ್ಪತ್ರೆಗಳಿಗೂ, ಸಾಲ ತೀರಿಸಲಾಗದೆ ಸೆರೆಯಲ್ಲಿದ್ದವರ ಬಿಡುಗಡೆಗೂ ಸಂದಿತು. 142 ಮಂದಿ ಬಂಧಮುಕ್ತರಾದರು. ಮುಂದೆ 1750ರಿಂದ ಲಂಡನ್ನಿನ ಅನಾಥ ಶಿಶುಗಳ ಆಶ್ರಮಕ್ಕಾಗಿಯೂ ಹ್ಯಾಂಡೆಲನು ಇದನ್ನು ಹಾಡಿಸಿದನು. ದಾಸೋಹವೆಂಬ ಮಾತನ್ನು ಅವನು ಕೇಳಿರಲಾರನು. ಆದರೂ ತನ್ನ ಕಾಯಕದ ಫಲವನ್ನು ಅವನು ಹಂಚಿದ ರೀತಿಯನ್ನು ಕೇಳಿದಾಗ ನನಗೆ ನೆನಪಾದದ್ದು ಆ ಮಾತೇ.

ಕೃತಿಯು ಪೂರ್ಣವಾಗಿ ಸುಮಾರು ಎರಡೂವರೆ ಗಂಟೆಗಳಷ್ಟು ದೀರ್ಘವಾದುದು. ಅಂದು ಅದರ ಮೊದಲ ಭಾಗವನ್ನೂ, ಎರಡನೆಯ ಭಾಗದ ಕೊನೆಯಲ್ಲಿ ಬರುವ ‘ಹಲ್ಲೆಲೂಯ’ ಎಂಬ ವೃಂದಗಾನವನ್ನೂ ಹಾಡಿದರು. ಗಾಯಕರು ನಾಲ್ಕು ಗುಂಪುಗಳಾಗಿ ನಿಂತಿದ್ದರು. ಹೆಂಗಸರಲ್ಲಿ ತಾರದ ದನಿಯವರನ್ನು ಸೊಪ್ರಾನೊ ಎಂದೂ, ತಗ್ಗಿನವರನ್ನು ಆಲ್ಟೊ ಎಂದೂ, ಗಂಡಸರಲ್ಲಿ ಮೇಲಿನವರನ್ನು ಟೆನರ್ ಎಂದೂ, ಮಂದ್ರದವರನ್ನು ಬಾಸ್ ಎಂದೂ ಕರೆಯುತ್ತಾರೆ. ನಮ್ಮ ಭಜನೆಯಲ್ಲಿರುವಂತೆ ಎಲ್ಲರದೂ ಒಂದೇ ಧಾಟಿಯಲ್ಲ. ನಾಲ್ಕು ಗುಂಪಿಗೂ ನಾಲ್ಕು ಬೇರೆ ಬೇರೆ ದಾರಿ. ನಮ್ಮ ಹುಡುಗಿ ಆಲ್ಟೊ ಸಾಲಿನಲ್ಲಿದ್ದಳು. ಅವಳ ದನಿಯನ್ನು ಬೇರ್ಪಡಿಸಿ ಕೇಳಲು ಎಷ್ಟು ಪ್ರಯತ್ನಪಟ್ಟರೂ ನನ್ನಿಂದಾಗಲಿಲ್ಲ. ಮೊದಮೊದಲು ಇದು ನನಗೆ ಗದ್ದಲದಂತೆಯೇ ತೋರಿತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

‘ಹಲ್ಲೆಲೂಯ’ ಮೊದಲಾದಾಗ ಸಂಪ್ರದಾಯದಂತೆ ಸಭಿಕರೆಲ್ಲ ಎದ್ದುನಿಂತರು, ನಾನೂ ನಿಂತೆನು. ಅದರ ನಡುವೆ ಒಂದೆಡೆ, ಎಲ್ಲರೂ ತಗ್ಗಿದ ದನಿಯಿಂದ ಒಮ್ಮೆಗೇ ಮೇಲೆದ್ದ ಬಳಿಕ, ಮಂದ್ರದ ಗಂಡಸರು ಮಾತ್ರ ಹೊಸದೊಂದು ಸಾಲನ್ನು ಎತ್ತಿಕೊಂಡರು. ಅದನ್ನೇ ಟೆನರಿನವರು ಹಿಡಿದರು, ಬಳಿಕ ಆಲ್ಟೊ, ಕೊನೆಗೆ ಸೊಪ್ರಾನೊ. ಕೆಳಗಿನವರು ಹಾಸಿಕೊಟ್ಟ ಚಪ್ಪಡಿಯ ಮೇಲೆ ಉಳಿದವರು ಒಂದೊಂದೇ ಅಂಕಣವನ್ನು ಕಟ್ಟಿದರು.

ವಾಚಕರೇ, ಆ ಕ್ಷಣದಲ್ಲಿ ನನ್ನ ಕಣ್ಣಮುಂದೆ ನಿಂತವನು ನಮ್ಮ ಹಳ್ಳಿಯ ಒಬ್ಬ ಒಕ್ಕಲಿಗ. ಹಗಲೆಲ್ಲ ಹಿಪ್ಪುನೇರಳೆ ಸೊಪ್ಪು ಕೊಯ್ದು, ರೇಷ್ಮೆಹುಳುವಿಗೆ ಮೇವು ಹಾಕಿ, ಸೋಮವಾರ ತಪ್ಪದೆ ಭಜನೆಗೆ ಬರುವವನು. ಅವನದು ಬಾವಿಯೊಳಗಿಂದ ಬಂದಂತಹ ದನಿ. ಹಾರ್ಮೋನಿಯಮ್ಮನ್ನು ನನ್ನ ಕಂಠಕ್ಕೆ ಹೊಂದುವ ಎತ್ತರದ ಶ್ರುತಿಯಲ್ಲಿ ನುಡಿಸುತ್ತಿದ್ದುದರಿಂದ ಅವನು ಮೇಲಕ್ಕೇರಲಾರದೆ ಒಡೆದ ದನಿಯಲ್ಲಿ ಹಾಡುತ್ತಿದ್ದನು. ಒಂದು ದಿನ ನಾನು ಎಲ್ಲರೆದುರಿಗೆ, “ನೀನು ತಾಳ ಹಾಕಿದರೆ ಸಾಕಪ್ಪ, ಹಾಡಬೇಡ” ಎಂದುಬಿಟ್ಟೆನು. ಅವನು ಎದುರಾಡಲಿಲ್ಲ. ಅಂದಿನಿಂದ 12 ವರ್ಷ ತಾಳ ಹಾಕುತ್ತಲೇ ಕುಳಿತನು. ಬಸವಣ್ಣನವರ ಹೆಸರು ಹೇಳಿ ಎಲ್ಲರನ್ನೂ ಒಳಗೊಳ್ಳಬೇಕೆಂದು ಉಪನ್ಯಾಸ ಮಾಡುವ ನಾನು, ಒಬ್ಬ ಭಕ್ತನ ಬಾಯಿಗೆ ಬೀಗ ಹಾಕಿದ್ದೆನು. ದೋಷವಿದ್ದುದು ಅವನ ಕಂಠದಲ್ಲಲ್ಲ, ನಾನು ಹಿಡಿದ ಶ್ರುತಿಯಲ್ಲಿ.

ಊರಿಗೆ ಮರಳಿದ ಮೇಲೆ ಬಂದ ಸೋಮವಾರ ನಾನು ಎಲ್ಲರೆದುರಿಗೇ ಅವನ ಕ್ಷಮೆ ಕೇಳಿ, ಕೆಳಗಿನ ಸ್ಥಾಯಿಯಲ್ಲಿ ಹಾಡೆಂದು ಬೇಡಿಕೊಂಡೆನು. ಅವನು ನಕ್ಕು, “ಬಾಯಿ ಬಿಟ್ಟು ಹಾಡ್ಲಿಲ್ಲ ಅಷ್ಟೇ ಮೇಷ್ಟ್ರೇ, ಮನಸ್ನಲ್ಲಿ ಹಾಡ್ತಾನೇ ಇದ್ದೆ” ಎಂದನು. ಆ ಮಾತು ನನ್ನನ್ನು ಕುಗ್ಗಿಸಿದಷ್ಟು ಯಾವ ನಿಂದೆಯೂ ಕುಗ್ಗಿಸುತ್ತಿರಲಿಲ್ಲ. ಮೊದಲ ಪದದಲ್ಲಿ ಅವನು ಅಳುಕಿದನು. ಎರಡನೆಯ ಪದಕ್ಕೆ ಅವನ ದನಿ ನೆಲದಂತೆ ನಮ್ಮೆಲ್ಲರ ಕೆಳಗೆ ಹರಡಿಕೊಂಡಿತು.

ಪರರ ಮಂದಿರದಿಂದ ನಾನು ಹೊತ್ತುತಂದದ್ದು ಪರರ ದೇವರನ್ನಲ್ಲ, ನಾನೇ ಹೊರಗಿಟ್ಟಿದ್ದ ನಮ್ಮವನನ್ನು. ನಿಮ್ಮ ಊರಿನ ಭಜನೆಯಲ್ಲಿಯೂ ಬರಿದೆ ತಾಳ ಹಾಕುತ್ತ ಕುಳಿತವರೊಬ್ಬರು ಇರಬಹುದು. ಮುಂದಿನ ಸೋಮವಾರ ದಯಮಾಡಿ ಅವರ ಕಡೆಗೊಮ್ಮೆ ತಿರುಗಿ ನೋಡಿರಿ.